ಹಿಮೋಗ್ಲೋಬಿನ್‌ಗೆ ಉಡದ ಹಿಡಿತ

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮುದಿಯಾದ ಕಣಗಳನ್ನು ಹೆಚ್ಚಾಗಿ ಗುಲ್ಮ, ಯಕೃತ್ತುಗಳೇ ಸದ್ದಿಲ್ಲದೆ ವಿಲೇವಾರಿ ಮಾಡುತ್ತವೆ. ಕೆಲವು ಮಾತ್ರ ರಕ್ತನಾಳದೊಳಗೇ ಒಡೆದು, ಹಿಮೋಗ್ಲೋಬಿನ್ ಹೊರಚೆಲ್ಲುತ್ತದೆ.

ಕಣದೊಳಗಿದ್ದಾಗ ಅದು ಸಾಧು. ಹೊರಬಿದ್ದರೆ ಪುಂಡ! ಎರಡು ತುಂಡಾಗಿ ಮೂತ್ರಪಿಂಡದ ಜರಡಿಯಲ್ಲಿ ನುಸುಳಿ, ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದೂ ಉಂಟು.

ತಡೆಯುವವರು ಯಾರು? ಹ್ಯಾಪ್ಟೊಗ್ಲೋಬಿನ್. ಯಕೃತ್ತಿನಲ್ಲಿ ಹುಟ್ಟಿ ಪ್ಲಾಸ್ಮಾದಲ್ಲಿ ತಿರುಗಾಡುವ ಪ್ರೋಟೀನ್. ಹಿಡಿದರೆ ಉಡದ ಹಿಡಿತ. ಈ ಜೋಡಿ ಜರಡಿಯಲ್ಲಿ ತೂರದಷ್ಟು ದೊಡ್ಡದು. ಭಕ್ಷಕ ಕಣಗಳಾದ ಮ್ಯಾಕ್ರೋಫೇಜ್‌ಗಳು ಎರಡನ್ನೂ ಒಟ್ಟಿಗೇ ನುಂಗುತ್ತವೆ. ಕಬ್ಬಿಣ ಮರುಬಳಕೆಗೆ ಸಿಗುತ್ತದೆ, ಪಾಪ, ಹ್ಯಾಪ್ಟೊಗ್ಲೋಬಿನ್ ಮಾತ್ರ ಅಲ್ಲೇ ಮುಗಿಯುತ್ತದೆ. ತಪ್ಪಿಸಿಕೊಂಡ, ಹೀಮ್ ಎಂಬ ಕಬ್ಬಿಣಯುಕ್ತ ಚೂರುಗಳಿಗೆ ಹಿಮೋಪೆಕ್ಸಿನ್ ಎಂಬ ಇನ್ನೊಬ್ಬ ಕಾವಲುಗಾರನಿದ್ದಾನೆ.

ನನಗೆ ತುಂಬ ಇಷ್ಟವಾದ ಕತೆ ಇಲ್ಲಿದೆ. 1950ರ ದಶಕ, ಟೊರಾಂಟೊ. ಪ್ರೋಟೀನ್ ಬೇರ್ಪಡಿಸಲು ಪರದಾಡುತ್ತಿದ್ದ ವಿಜ್ಞಾನಿ ಆಲಿವರ್ ಸ್ಮಿತೀಸ್‌ಗೆ ಅಮ್ಮ ಅಂಗಿಗಳಿಗೆ ಗಂಜಿ ಹಾಕುತ್ತಿದ್ದದ್ದು ನೆನಪಾಯಿತು. ಬಿಸಿಯಲ್ಲಿ ನೀರು, ಆರಿದ ಮೇಲೆ ಗಟ್ಟಿ! ಆಲೂಗಡ್ಡೆ ಪಿಷ್ಟದ ಆ ಗಂಜಿಯಲ್ಲಿ ರಕ್ತದ ಸೀರಮ್ ಓಡಿಸಿದರೆ, ಎಲ್ಲರ ಪ್ರೋಟೀನ್ ಪಟ್ಟಿಗಳೂ ಒಂದೇ ತರ ಇಲ್ಲ! ಕಾರಣ, ಹ್ಯಾಪ್ಟೊಗ್ಲೋಬಿನ್ ಎಲ್ಲರಲ್ಲೂ ಒಂದೇ ಅಲ್ಲ, ವಂಶವಾಹಿಯಿಂದ ಬರುವ ಮುಖ್ಯ ಬಗೆಗಳು ಮೂರು: 1-1, 2-1, 2-2. ಸ್ಮಿತೀಸ್‌ಗೆ 2007ರಲ್ಲಿ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ.

ಲ್ಯಾಬ್ ರಿಪೋರ್ಟಿನಲ್ಲಿ ಹ್ಯಾಪ್ಟೊಗ್ಲೋಬಿನ್ ಕಡಿಮೆ ಅಂತ ಬಂದಿದೆಯಾ? ಕೆಂಪು ಕಣಗಳು ಲೆಕ್ಕಕ್ಕಿಂತ ಹೆಚ್ಚು ಒಡೆಯುತ್ತಿರಬಹುದು. ಯಕೃತ್ತಿನ ತೊಂದರೆಯಲ್ಲೂ ಇಳಿಯುತ್ತದೆ. ನೀವೇ ತೀರ್ಮಾನಿಸಬೇಡಿ, ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ.