ಇಮೇಲ್ ಉತ್ತರದಲ್ಲಿ ನಮ್ಮದೆಷ್ಟು, ಅವರದೆಷ್ಟು?

ವಿದ್ಯಾರ್ಥಿವೇತನ, ಪ್ರವೇಶ, ಟಿ.ಸಿ. ಬಗ್ಗೆ ಕೇಳುವ ಇಮೇಲ್‌ಗಳಿಗೆ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದು: ಮೇಲೆ ಸಲಾಂ ಅಥವಾ ನಮಸ್ಕಾರ, ನಂತರ ಕೊನೆಯ ದಿನಾಂಕ, ತರಬೇಕಾದ ದಾಖಲೆಗಳು, ಕೆಳಗೆ ಹೆಸರು. ಇದನ್ನು ದಿನವೂ ಕೈಯಾರೆ ಟೈಪ್ ಮಾಡಬೇಕಿಲ್ಲ. ಕಂಪ್ಯೂಟರಿನ ಮೇಲ್ ಸಾಫ್ಟ್‌ವೇರ್‌ಗೆ ಚಿಕ್ಕದೊಂದು ಆಡ್-ಇನ್ ಜೋಡಿಸಿದರೆ ಅದೇ ಬರೆದುಕೊಡುತ್ತದೆ. ನಮ್ಮ ಹೂಗ್ಯಂನಂಥ ಕಾಡಂಚಿನ ಊರಿಗೆ ಇಂಥ ಸಾಫ್ಟ್‌ವೇರೇ ಅನುಕೂಲ ಎಂದು ನನ್ನ ಅಭಿಪ್ರಾಯ. ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ಓದಬಹುದು, ಉತ್ತರ ಬರೆದಿಟ್ಟು ಸಿಗ್ನಲ್ ಬಂದಾಗ ಕಳಿಸಬಹುದು.

ಥಂಡರ್‌ಬರ್ಡ್ ಅನ್ನೇ ನೋಡೋಣ. 2004ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು; ಉಚಿತ. ಅದರ ಆಡ್-ಇನ್‌ಗೆ ಎರಡು ಫೈಲ್ ಸಾಕು. ಒಂದರಲ್ಲಿ ಹೆಸರು ಮತ್ತು ಬೇಕಾದ ಅನುಮತಿ, ಇನ್ನೊಂದರಲ್ಲಿ ಜಾವಾಸ್ಕ್ರಿಪ್ಟ್ ಕೋಡ್. 'ಗೆಟ್‌ಕಂಪೋಸ್‌ಡೀಟೇಲ್ಸ್' ಎಂಬ ಆಜ್ಞೆ ನಾವು ಬರೆಯುತ್ತಿರುವ ಉತ್ತರವನ್ನು ಕೋಡ್‌ಗೆ ಕೊಡುತ್ತದೆ, 'ಸೆಟ್‌ಕಂಪೋಸ್‌ಡೀಟೇಲ್ಸ್' ಬದಲಾದ ಉತ್ತರವನ್ನು ವಾಪಸ್ ಇಡುತ್ತದೆ.

ಕೇಳಲು ಸುಲಭ. ಆದರೆ ಕೈಗೆ ಬರುವುದು ನಾವು ಬರೆದ ನಾಲ್ಕು ಸಾಲು ಮಾತ್ರವಲ್ಲ. ಕೆಳಗೆ ತಾನಾಗಿ ಸೇರಿಕೊಂಡ, ಪತ್ರ ಬರೆದವರ ಮಾತೂ ಅದೇ ಒಂದೇ ಮುದ್ದೆಯಲ್ಲಿರುತ್ತದೆ. '2024-25 ಎಂದಿರುವಲ್ಲೆಲ್ಲ 2025-26 ಮಾಡು' ಎಂದು ಕೋಡ್ ಬರೆದರೆ, ಒಬ್ಬ ವಿದ್ಯಾರ್ಥಿನಿ 'ನನಗೆ 2024-25ರ ಹಣ ಬಂದಿಲ್ಲ' ಎಂದು ಬರೆದದ್ದೂ 2025-26 ಆಗಿಬಿಡುತ್ತದೆ. ಅವಳ ಮೂಲ ಪತ್ರ ಹಾಗೇ ಇರುತ್ತದೆ, ನಿಜ. ಆದರೆ ಈ ಉತ್ತರವನ್ನು ಬೇರೊಂದು ಕಚೇರಿಗೆ ಫಾರ್ವರ್ಡ್ ಮಾಡಿದರೆ ಅಲ್ಲಿನವರು ನೋಡುವುದು ಅವಳು ಹೇಳದ ಮಾತನ್ನು. ಹಣ ತಪ್ಪುವುದು ಅವಳಿಗೆ.

ನಾವು ಕಾಮರ್ಸ್‌ನವರು ಲೆಕ್ಕಪುಸ್ತಕದಲ್ಲಿ ನಮೂದನ್ನು ಅಳಿಸುವುದಿಲ್ಲ, ತಿದ್ದುಪಡಿ ನಮೂದು ಹಾಕುತ್ತೇವೆ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ದಾಖಲೆ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಮೇಲ್ ಬರೆಯುವ ಕಿಟಕಿಯಲ್ಲಿ ಆಡ್-ಇನ್ ಏನು ಬದಲಿಸಿತೆಂಬ ಗುರುತು ಉಳಿಯುವುದಿಲ್ಲ.

ಆದ್ದರಿಂದ ಕೋಡ್ ಮೊದಲು ಗಡಿ ಹುಡುಕಬೇಕು. ಬಣ್ಣ, ಫಾಂಟ್ ಇರುವ ಎಚ್‌ಟಿಎಂಎಲ್ ಪತ್ರದಲ್ಲಿ ಥಂಡರ್‌ಬರ್ಡ್ ಹಳೆಯ ಮಾತನ್ನು 'ಬ್ಲಾಕ್‌ಕೋಟ್' ಎಂಬ ಗುರುತಿನೊಳಗೆ ಇಡುತ್ತದೆ. ಸಾದಾ ಅಕ್ಷರದ ಪತ್ರದಲ್ಲಿ ಪ್ರತಿ ಸಾಲಿನ ಮುಂದೆ > ಚಿಹ್ನೆ ಇರುತ್ತದೆ. ನಮ್ಮ ಸಾಲುಗಳು ಆ ಗಡಿಯ ಹೊರಗೇ ಸೇರಬೇಕು. ಔಟ್‌ಲುಕ್‌ನಲ್ಲಿ 'ಪ್ರೀಪೆಂಡ್‌ಅಸಿಂಕ್' ಎಂಬ ಆಜ್ಞೆ ಇದೆ. ಉಳಿದದ್ದನ್ನು ಮುಟ್ಟದೆ ಹೊಸ ಮಾತನ್ನು ಮೇಲೆ ಸೇರಿಸುತ್ತದೆ. ನನಗೆ ಇಷ್ಟವಾದದ್ದು ಇದೇ.

ಭಾಷೆಯ ತೊಡಕು ಬೇರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಬಳಸುತ್ತದೆ. ಎಚ್‌ಟಿಎಂಎಲ್ ಪತ್ರವನ್ನು ಆಡ್-ಇನ್ ಸಾದಾ ಮಾಡಿದರೆ ಫಾಂಟಿನ ಹೆಸರು ಕಳಚಿ, ಅರ್ಜಿಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಯೂನಿಕೋಡ್ ಕನ್ನಡಕ್ಕೆ ಈ ಗತಿ ಇಲ್ಲ. ಉರ್ದುವಿನದು ಇನ್ನೊಂದು ಕಥೆ. ನಮ್ಮ ಮನೆಮಾತು ಅದೇ ಆದ್ದರಿಂದ ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಬಲದಿಂದ ಎಡಕ್ಕೆ ಎಂಬ ದಿಕ್ಕಿನ ಗುರುತನ್ನು ಕೋಡ್ ಅಳಿಸಿದರೆ ಪೂರ್ಣವಿರಾಮ ವಾಕ್ಯದ ತಪ್ಪು ತುದಿಗೆ ಹೋಗಬಹುದು, ನಡುವೆ ಕನ್ನಡ ಪದ ಬಂದಲ್ಲಿ ಸಾಲಿನ ಭಾಗಗಳೇ ಹಿಂದುಮುಂದಾಗಬಹುದು.

ಕಳಿಸುವ ಗುಂಡಿಯನ್ನು ಮಾತ್ರ ಮನುಷ್ಯರೇ ಒತ್ತಲಿ. ಆಗಲೂ 'ಆನ್‌ಬಿಫೋರ್‌ಸೆಂಡ್' ಎಂಬ ಕೊನೆಯ ತಪಾಸಣೆಗೆ ಅವಕಾಶವಿದೆ: ಕೆಳಗಿನ ಪತ್ರ ಮೊದಲಿದ್ದಂತೆಯೇ ಇದೆಯೇ, ದಿನಾಂಕದ ಜಾಗ ಖಾಲಿ ಉಳಿದಿದೆಯೇ ಎಂದು ಕೋಡ್ ನೋಡಿ, ಸಂಶಯ ಬಂದರೆ ಪತ್ರವನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ.