ಟೆನಿಸ್ ಪಣವೂ ಗಲ್ಲಾದ ಲೆಕ್ಕವೂ

ನಾಸಿಕ ರೋಡಿನ ಹೋಟೆಲೊಂದರಲ್ಲಿ ರಾತ್ರಿ ಹನ್ನೊಂದಕ್ಕೆ ಭಟ್ಟಿ ಆರಿದ ಮೇಲೆ, ಹಿಂಬದಿಯ ಕೋಣೆಯಲ್ಲಿ ನಾಲ್ವರು ತರುಣರು ಒಂದು ಮೊಬೈಲಿನ ಸುತ್ತ ಕುಳಿತಿದ್ದುದನ್ನು ಕಂಡೆವು. ವಿಂಬಲ್ಡನ್ ಪಂದ್ಯ ನಡೆಯುತ್ತಲಿತ್ತು. ನಮ್ಮವರಿಗೂ ಟೆನಿಸ್ಸಿನ ಅಭಿರುಚಿ ಹುಟ್ಟಿತೆಂದು ಸಂತೋಷಪಟ್ಟೆವು. ಬಳಿಗೆ ಹೋದಾಗ ಪಣದ ದರ ಕಾಣಿಸಿತು. ಛತ್ರಪತಿ ಸಂಭಾಜಿನಗರದ ವಾಳೂಜಿನಲ್ಲಿರುವ ಗುಮಾಸ್ತ ಮಿತ್ರರೂ ಇದೇ ವರ್ತಮಾನ ತಿಳಿಸಿರುವರು. “ಸ್ವಾಮೀ, ನಷ್ಟವಾಗದ ಹಾಗೆ ಆಡುವ ಉಪಾಯವುಂಟೋ?” ಎಂದು ಒಬ್ಬನು ಕೇಳಿದನು.

ಗಲ್ಲಾದಲ್ಲಿ ಕುಳಿತವರಿಗೆ ಈ ಲೆಕ್ಕ ಕಠಿಣವಲ್ಲ. ಆಟಗಾರರಿಬ್ಬರೂ ಸರಿಸಮಾನರಾದರೆ ನೂರಕ್ಕೆ ಇನ್ನೂರು ಬರಬೇಕು. ದಲ್ಲಾಳಿಯು ಕೊಡುವುದು 190 ಎಂದಿಟ್ಟುಕೊಳ್ಳಿರಿ. ಇಬ್ಬರ ಮೇಲೂ ನೂರು ನೂರು ಕಟ್ಟಿದವನು 200 ತೆತ್ತು 190 ಪಡೆಯುವನು. ನಷ್ಟವಿಲ್ಲದೆ ಉಳಿಯುವುದಕ್ಕೇ ನೂರರಲ್ಲಿ 53 ಸಲ ಗೆಲ್ಲಬೇಕು. ಸೋತಾಗಲೆಲ್ಲ ಇಮ್ಮಡಿ ಕಟ್ಟುವ ಉಪಾಯವನ್ನು ತರುಣರು ಬಹಳ ನಂಬಿರುವರು. 100, 200, 400, 800 ಸೋತು, 1,600 ಕಟ್ಟಿ ಗೆದ್ದರೂ ಈ ದರದಲ್ಲಿ 60 ರೂಪಾಯಿ ನಷ್ಟವೇ! ಏಳು ಸಲ ಸೋತರೆ ಹೋಗುವುದು 12,700. ಅದು ಊರಿಗೆ ಕಳುಹಿಸಬೇಕಾಗಿದ್ದ ಹಣ.

ಟೆನಿಸ್ಸಿನ ಅಂಕಗಳಾದರೋ ಬಲು ಮೋಸಗಾರ. 2019ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಫೆಡರರ್ 218 ಪಾಯಿಂಟು ಗಳಿಸಿದನು, ಜೋಕೊವಿಚ್ 204. ಐದನೆಯ ಸೆಟ್ಟಿನಲ್ಲಿ 8-7, 40-15 ಇದ್ದಾಗ ಫೆಡರರನಿಗೆ ಒಂದೇ ಪಾಯಿಂಟು ಸಾಕಿತ್ತು. ಗೆದ್ದವನು ಜೋಕೊವಿಚ್. ಅದೂ ಅಲ್ಲದೆ, ನಮ್ಮ ಮೊಬೈಲಿಗೆ ಚಿತ್ರವು ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಚೆಂಡು ಬಿದ್ದುದನ್ನು ನಾವು ಕಾಣುವಷ್ಟರಲ್ಲಿ ದರ ಬದಲಾಗಿರುತ್ತದೆ. 2014ರಲ್ಲಿ ಮೆಲ್ಬರ್ನಿನ ಅಂಗಳದ ಬದಿಯಿಂದಲೇ ಪಾಯಿಂಟುಗಳನ್ನು ಗುಟ್ಟಾಗಿ ಕಳುಹಿಸುತ್ತಿದ್ದ ಆಂಗ್ಲನೊಬ್ಬನು ಸೆರೆಯಾದನು. ಮೊಕದ್ದಮೆ ಮುಂದೆ ಬಿದ್ದುಹೋಯಿತು. ಅಂಥವರೊಡನೆ ನಮ್ಮ ಸಪ್ಲಾಯರ್ ಹುಡುಗನ ಪೈಪೋಟಿ!

ನ್ಯೂಯಾರ್ಕಿನ ಹತ್ತಿಯ ದರದ ಮೇಲೆ ಅಂಕೆ ಕಟ್ಟಿ, 1962ರ ಬಳಿಕ ವರ್ಲಿಯ ಮಟಕಾಕ್ಕೆ ಸಂಬಳ ಸುರಿದ ಮುಂಬಯಿಯ ಹಳಬರಿಗೆ ಇದು ಹೊಸತೆನಿಸದು. ಆಗಲೂ ಈಗಲೂ, ದಲ್ಲಾಳಿಯು ಗೆದ್ದ ಹಣ ಕೊಡದಿದ್ದರೆ ಕೋರ್ಟಿಗೆ ಹೋಗುವಂತಿಲ್ಲ. 1872ರ ಕರಾರು ಕಾಯಿದೆಯ 30ನೆಯ ಕಲಮು ಪಣದ ಕರಾರನ್ನು ಅನೂರ್ಜಿತವೆನ್ನುತ್ತದೆ. ಹಣ ಕಟ್ಟಿಸುವ ಆನ್‌ಲೈನ್ ಆಟಗಳನ್ನೇ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆಯ ಮೂಲಕ ನಿಷೇಧಿಸಿದೆ. ಇದಕ್ಕಿಂತ ದೊಡ್ಡ ಗಂಡಾಂತರವೆಂದರೆ, ಸಾವಿರವೋ ಎರಡು ಸಾವಿರವೋ ಕಮಿಷನ್ನಿನ ಆಸೆಗೆ ತನ್ನ ಬ್ಯಾಂಕಿನ ಖಾತೆಯನ್ನು ಇತರರಿಗೆ ಬಿಟ್ಟುಕೊಡುವುದು. ಪೊಲೀಸರು ಖಾತೆಯಲ್ಲಿನ ಹೆಸರನ್ನೇ ಹಿಡಿದು ಬರುವರು. ಆಟ ಬಿಡಲಾಗದೆ ಸಂಕಟಪಡುವವರು ಸರಕಾರದ 14416 ಸಂಖ್ಯೆಗೆ ಕರೆಮಾಡಬಹುದು, ಹಣ ಬೇಡ.

ತರುಣನು ಬಿಲ್ಲಿನ ಹಿಂಬದಿಯಲ್ಲಿ ಈ ಲೆಕ್ಕವನ್ನು ತಾನೇ ಒಮ್ಮೆ ಮಾಡಿ ನೋಡಿದನು, ಏನೂ ಹೇಳಲಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣನವರು 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದುದನ್ನು ಕಂಡಿದ್ದೀರಾ ಎಂದು ನಾಲ್ವರನ್ನೂ ಕೇಳಿದೆವು. ಒಬ್ಬನು ಮಾತ್ರ ಕಂಡಿದ್ದನು. ಅಂದು ಪಣ ಕಟ್ಟಿರಲಿಲ್ಲವಂತೆ. 7-6, 7-5 ಎಂದು ಥಟ್ಟನೆ ಹೇಳಿದನು.