ಶಿಕಾರಿಪುರ ಮತ್ತು ಸೊರಬ ತಾಲೂಕುಗಳಲ್ಲಿ ಸ್ನಾತಕೋತ್ತರ ಶಿಕ್ಷಣ

ಶಿಕಾರಿಪುರ ಮತ್ತು ಸೊರಬ ಶಿವಮೊಗ್ಗ ಜಿಲ್ಲೆಯ ಉತ್ತರ ಭಾಗದ ಎರಡು ತಾಲೂಕುಗಳು. ಉನ್ನತ ಶಿಕ್ಷಣದ ದೃಷ್ಟಿಯಿಂದ ಇವು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ಪದವಿ ಶಿಕ್ಷಣಕ್ಕೆ ಎರಡೂ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಸ್ನಾತಕೋತ್ತರ ಶಿಕ್ಷಣದ ಮುಖ್ಯ ನೆಲೆ ಮಾತ್ರ ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿರುವ ವಿಶ್ವವಿದ್ಯಾಲಯದ ಆವರಣ, ಅಂದರೆ ‘ಜ್ಞಾನ ಸಹ್ಯಾದ್ರಿ’.

ಸ್ನಾತಕೋತ್ತರ ಪ್ರಧಾನ ಸಂಸ್ಥೆ

ಅಮೆರಿಕದಲ್ಲಿ ಕಾರ್ನೆಗಿ ವರ್ಗೀಕರಣವು ಸ್ನಾತಕೋತ್ತರ ಪದವಿ ಪ್ರಧಾನವಾಗಿರುವ ಕಾಲೇಜು ಮತ್ತು ವಿಶ್ವವಿದ್ಯಾಲಯಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸುತ್ತ ಬಂದಿತು. ಈ ವರ್ಗೀಕರಣದ 2021ರ ಆವೃತ್ತಿಯ ಪ್ರಕಾರ, ವರ್ಷಕ್ಕೆ ಕನಿಷ್ಠ 50 ಸ್ನಾತಕೋತ್ತರ ಪದವಿಗಳನ್ನೂ 20ಕ್ಕಿಂತ ಕಡಿಮೆ ಡಾಕ್ಟರೇಟುಗಳನ್ನೂ ನೀಡುವ ಸಂಸ್ಥೆಗಳು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ಭಾರತದಲ್ಲಿ ಇಂತಹ ಅಧಿಕೃತ ವರ್ಗವಿಲ್ಲ. ಇಲ್ಲಿನ ಸಂಯೋಜಿತ ವ್ಯವಸ್ಥೆಯಲ್ಲಿ ಪದವಿ ತರಗತಿಗಳು ಊರೂರಿನ ಕಾಲೇಜುಗಳಲ್ಲಿ ನಡೆಯುತ್ತವೆ, ಎಂ.ಎ., ಎಂ.ಎಸ್ಸಿ., ಎಂ.ಕಾಂ. ತರಗತಿಗಳು ಹೆಚ್ಚಾಗಿ ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ನಡೆಯುತ್ತವೆ. ಮುಖ್ಯ ಆವರಣದಿಂದ ದೂರದ ಜಿಲ್ಲೆಗಳಿಗಾಗಿ ತೆರೆದ ಶಾಖೆಯೇ ‘ಸ್ನಾತಕೋತ್ತರ ಕೇಂದ್ರ’. ಕರ್ನಾಟಕದ ಮಟ್ಟಿಗೆ ಕಾರ್ನೆಗಿ ವರ್ಗಕ್ಕೆ ಅತ್ಯಂತ ಸಮೀಪವಾದುದು ಇದೇ ಎನ್ನಬಹುದು.

ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳು ಇಂತಹ ಕೇಂದ್ರಗಳಿಂದಲೇ ಬೆಳೆದವು. ಕೊಣಾಜೆಯಲ್ಲಿ 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಕೇಂದ್ರವು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗುಲಬರ್ಗಾ ಕೇಂದ್ರವೂ ಅದೇ ವರ್ಷ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಬಿ.ಆರ್. ಪ್ರಾಜೆಕ್ಟ್‌ನಲ್ಲಿದ್ದ ಮೈಸೂರು ವಿಶ್ವವಿದ್ಯಾಲಯದ ಕೇಂದ್ರವೇ ಕುವೆಂಪು ವಿಶ್ವವಿದ್ಯಾಲಯದ ಮೂಲ. ದಾವಣಗೆರೆಯ ಶಿವಗಂಗೋತ್ರಿ ಕೇಂದ್ರವು ಮೊದಲು ಮೈಸೂರಿಗೆ, ಬಳಿಕ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಮೈಸೂರಿನ ಆವರಣಕ್ಕೆ ಕುವೆಂಪು ಅವರು ಇಟ್ಟ ‘ಮಾನಸಗಂಗೋತ್ರಿ’ ಎಂಬ ಹೆಸರಿನ ಮಾದರಿಯಲ್ಲೇ ಮಂಗಳಗಂಗೋತ್ರಿ, ಹೇಮಗಂಗೋತ್ರಿ, ಶಿವಗಂಗೋತ್ರಿಗಳು ಹುಟ್ಟಿಕೊಂಡವು. ಕುವೆಂಪು ಅವರ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯದ ಆವರಣಕ್ಕೆ ಮಾತ್ರ ಗಂಗೋತ್ರಿಯ ಹೆಸರು ಬರಲಿಲ್ಲ.

ಪ್ರಾಚೀನ ಹಿನ್ನೆಲೆ

ಉನ್ನತ ವ್ಯಾಸಂಗಕ್ಕಾಗಿ ಊರು ಬಿಡುವುದು ಈ ಪ್ರದೇಶದಲ್ಲಿ ಹೊಸದೇನಲ್ಲ. ಶಿಕಾರಿಪುರ ತಾಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಐದನೆಯ ಶತಮಾನದ ಸ್ತಂಭಶಾಸನದ ಪ್ರಕಾರ, ಕದಂಬ ವಂಶದ ಸ್ಥಾಪಕ ಮಯೂರಶರ್ಮನು ಗುರು ವೀರಶರ್ಮನೊಂದಿಗೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ನಡೆದ ಕಲಹವು ಅವನನ್ನು ವಿದ್ಯೆಯಿಂದ ರಾಜ್ಯಸ್ಥಾಪನೆಯತ್ತ ತಿರುಗಿಸಿತು.

ಏಳು ಶತಮಾನಗಳ ನಂತರ ಇದೇ ತಾಲೂಕಿನ ಬಳ್ಳಿಗಾವಿಯಲ್ಲಿ ವಿದ್ಯಾಕೇಂದ್ರವೊಂದು ಪ್ರಸಿದ್ಧವಾಗಿತ್ತು. ಅದು ಕೇದಾರೇಶ್ವರ ದೇವಾಲಯಕ್ಕೆ ಸೇರಿದ, ಕಾಳಾಮುಖ ಶೈವರ ಕೋಡಿಯಮಠ. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ಅಲ್ಲಿನ ವಿದ್ಯಾವಿಷಯಗಳನ್ನು ವಿವರವಾಗಿ ಪಟ್ಟಿಮಾಡುತ್ತದೆ: ನಾಲ್ಕು ವೇದಗಳು, ಪಾಣಿನೀಯ, ಕೌಮಾರ, ಶಾಕಟಾಯನ ಮೊದಲಾದ ವ್ಯಾಕರಣಗಳು, ಬೌದ್ಧವೂ ಸೇರಿದ ದರ್ಶನಗಳು, ಲಾಕುಳ ಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇವುಗಳಲ್ಲಿ ವ್ಯಾಕರಣ, ದರ್ಶನ ಮತ್ತು ಯೋಗಶಾಸ್ತ್ರಗಳಿಗೆ ವ್ಯಾಖ್ಯಾನಗಳನ್ನು ರಚಿಸುವ ಸ್ಥಳವೆಂದು ಶಾಸನವು ಮಠವನ್ನು ವರ್ಣಿಸುತ್ತದೆ. ಪಾಠ ಕಲಿಯುವುದಕ್ಕಿಂತ ಮೇಲಿನ ಹಂತದ ವಿದ್ವತ್ಕಾರ್ಯ ಅಲ್ಲಿ ನಡೆಯುತ್ತಿತ್ತೆಂಬುದಕ್ಕೆ ಇದು ಸಾಕ್ಷಿ. ಆದರೂ ಮಠವನ್ನು ಇಂದಿನ ಅರ್ಥದ ವಿಶ್ವವಿದ್ಯಾಲಯವೆಂದು ಕರೆಯುವುದು ಅತಿಶಯೋಕ್ತಿ. ದೀನರು, ಅಂಧರು, ಕಲಾವಿದರು ಹಾಗೂ ವಿವಿಧ ಪಂಥಗಳ ಸನ್ಯಾಸಿಗಳಿಗೆ ಅನ್ನದಾನ, ಅನಾಥ ರೋಗಿಗಳಿಗೆ ಚಿಕಿತ್ಸೆ ಇವೂ ಅದರ ಕಾರ್ಯಗಳಾಗಿದ್ದವು.

ಇಂದಿನ ವ್ಯವಸ್ಥೆ

ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ಹೆಚ್ಚು. ಶಿವಮೊಗ್ಗದಿಂದ ಶಂಕರಘಟ್ಟಕ್ಕೆ ಮತ್ತೆ ಸುಮಾರು 28 ಕಿ.ಮೀ. ಸೊರಬದ ವಿದ್ಯಾರ್ಥಿಗೆ ಪ್ರತಿದಿನ ಬಸ್ಸಿನಲ್ಲಿ ಹೋಗಿಬರುವುದು ಅಸಾಧ್ಯಪ್ರಾಯ. ಆದ್ದರಿಂದ ಪದವಿಯವರೆಗೆ ಮನೆಯಿಂದಲೇ ಓದಿದವರಿಗೆ ಸ್ನಾತಕೋತ್ತರ ಪ್ರವೇಶವೆಂದರೆ ವಿದ್ಯಾರ್ಥಿನಿಲಯದ ಸ್ಥಾನವೂ ಹೌದು. ಅದು ದೊರೆಯದಿದ್ದರೆ ಬಾಡಿಗೆ ಕೋಣೆ, ಇಲ್ಲವೇ ಓದಿಗೆ ವಿರಾಮ. ಶಿವಮೊಗ್ಗ ನಗರದಲ್ಲಿರುವ ಸಹ್ಯಾದ್ರಿ ಕಾಲೇಜುಗಳು ವಿಶ್ವವಿದ್ಯಾಲಯದ ಘಟಕ ಕಾಲೇಜುಗಳಾಗಿದ್ದು, ಅಲ್ಲಿಯೂ ಕೆಲವು ಸ್ನಾತಕೋತ್ತರ ತರಗತಿಗಳಿವೆ. ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೂ ಎಂ.ಎ., ಎಂ.ಕಾಂ. ತರಗತಿಗಳನ್ನು ನಡೆಸಲು ಅನುಮತಿ ನೀಡಲಾಗಿದೆ. ಇಂತಹ ಕಾಲೇಜುಗಳಲ್ಲಿ ಪ್ರಯಾಣದ ತೊಂದರೆ ನೀಗುತ್ತದೆ. ಗ್ರಂಥಾಲಯ ಮತ್ತು ಪ್ರಯೋಗಾಲಯಗಳ ವಿಷಯದಲ್ಲಿ ಮಾತ್ರ ಅವು ವಿಶ್ವವಿದ್ಯಾಲಯದ ವಿಭಾಗಗಳಿಗೆ ಸರಿಸಾಟಿಯಾಗುವುದು ಕಷ್ಟ. ಉದ್ಯೋಗದಲ್ಲಿರುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದ ಮಾರ್ಗವೂ ಇದೆ.

ಸ್ನಾತಕೋತ್ತರ ಪದವಿಯು ಅಧ್ಯಾಪನ ವೃತ್ತಿಯ ಪ್ರವೇಶದ್ವಾರ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಾಮಾನ್ಯವಾಗಿ ಅದರಲ್ಲಿ ಕನಿಷ್ಠ ಶೇ. 55 ಅಂಕಗಳಿರಬೇಕು, ಜೊತೆಗೆ ಎನ್‌ಇಟಿ ಅಥವಾ ಕೆ-ಸೆಟ್ ಅರ್ಹತೆ, ಇಲ್ಲವೇ ನಿಯಮಾನುಸಾರ ಪಡೆದ ಪಿಎಚ್.ಡಿ. ಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021–22ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯಲ್ಲಿ, ನಾಲ್ಕನೆಯ ವರ್ಷವನ್ನು ಪೂರೈಸಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿತ್ತು. ರಾಜ್ಯ ಸರ್ಕಾರವು 2024–25ರಿಂದ ಮೂರು ವರ್ಷಗಳ ಪದವಿಗೆ ಮರಳಿದ್ದು, ಆ ಬಳಿಕ ಪದವಿಗೆ ಸೇರಿದವರಿಗೆ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವೇ ಅನ್ವಯಿಸುತ್ತದೆ.